ಮುಚ್ಚಳಿಕೆ ಬರೆಸಿ ವಾಪಸ್ ಕಳಿಸಬೇಡಿ: ಇಬ್ಬರು ಸಚಿವರಿಗೆ ಒಂದು ಬಹಿರಂಗ ಪತ್ರ

ರಾಜ್ಯದ ಗೃಹ ಸಚಿವರಿಗೆ ಹಾಗೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ,

ನಮಸ್ಕಾರ.

ನಿಮ್ಮಿಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ಬೇರೆ ಬೇರೆ ಬರೆದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಒಬ್ಬರು 'ಇದು ಅವರ ಇಲಾಖೆಗೆ ಬರುತ್ತೆ' ಅಂತ ಅತ್ತ ಕಳಿಸುತ್ತೀರಿ, ಇನ್ನೊಬ್ಬರು ಇತ್ತ ಕಳಿಸುತ್ತೀರಿ. ಗಂಡ ಹೊಡೆದ ಅಂತ ದೂರು ಕೊಡುವ ಹೆಂಗಸರಿಗೆ ಆಗುತ್ತಿರುವುದೂ ಇದೇ, ನಾನು ಹೇಳಬೇಕಾದ ವಿಷಯವೂ ಅದೇ.

ನಾನು ಒಂದು ತಾಲ್ಲೂಕು ಕೇಂದ್ರದಲ್ಲಿ ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ರಸ್ತೆ ದಾಟಿದರೆ ಪೊಲೀಸ್ ಠಾಣೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಅಲ್ಲಿನ ಯಾವನೋ ಪಾಪದ ಎಎಸ್‌ಐಗೆ ನೋಟಿಸ್ ಕೊಟ್ಟು ಕೈ ತೊಳೆದುಕೊಳ್ಳುತ್ತೀರಿ. ತಪ್ಪು ಆ ಒಬ್ಬನದಲ್ಲ.

ಹದಿನಾಲ್ಕು ವರ್ಷದಿಂದ ಜನರ ಅರ್ಜಿ ಟೈಪ್ ಮಾಡುತ್ತಿದ್ದೇನೆ. ಪಹಣಿ ತಿದ್ದುಪಡಿ, ಜಾತಿ ಪ್ರಮಾಣ ಪತ್ರ, ಪಿಂಚಣಿ, ಜಮೀನು ತಕರಾರು. ಮತ್ತೆ ಗಂಡ ಹೊಡೆದ ದೂರು. ಪೊಲೀಸರು 'ಬರೆದುಕೊಂಡು ಬಾರಮ್ಮ' ಅಂತ ಕಳಿಸಿದ ಹೆಂಗಸರು ಮೊದಲು ಬರುವುದು ನನ್ನ ಅಂಗಡಿಗೆ. ಬೇರೆ ಅಂಗಡಿಗಳಲ್ಲಿ ಗಂಡಸರು ಕೂತಿರುತ್ತಾರೆ, ಹಾಗಾಗಿ.

ನನ್ನ ಕಂಪ್ಯೂಟರಿನಲ್ಲಿ 'ಮುಚ್ಚಳಿಕೆ' ಅಂತ ಒಂದು ಫೈಲ್ ಇದೆ. ಕೆಲಸ ಸುಲಭವಾಗಲಿ ಅಂತ ನಾನೇ ಮಾಡಿಟ್ಟುಕೊಂಡಿದ್ದು. 'ನಾನು ಇನ್ನು ಮುಂದೆ ನನ್ನ ಹೆಂಡತಿಗೆ ಯಾವುದೇ ರೀತಿಯ ದೈಹಿಕ ಮತ್ತು ಮಾನಸಿಕ ಕಿರುಕುಳ ಕೊಡದೆ ಅನ್ಯೋನ್ಯವಾಗಿ ಸಂಸಾರ ನಡೆಸಿಕೊಂಡು ಹೋಗುತ್ತೇನೆಂದು, ತಪ್ಪಿದಲ್ಲಿ ಮುಂದಿನ ಕಾನೂನು ಕ್ರಮಕ್ಕೆ ಬದ್ಧನಾಗಿರುತ್ತೇನೆಂದು, ಯಾರ ಒತ್ತಡವೂ ಇಲ್ಲದೆ ಸ್ವಇಚ್ಛೆಯಿಂದ ಬರೆದುಕೊಟ್ಟ ಮುಚ್ಚಳಿಕೆ ಪತ್ರ.' ಹೆಸರು, ತಂದೆ ಹೆಸರು, ವಯಸ್ಸು, ಊರು, ತಾರೀಕು ಬದಲಾಯಿಸಿದರೆ ಆಯಿತು. ಎರಡು ನಿಮಿಷದ ಕೆಲಸ, ಇಪ್ಪತ್ತು ರೂಪಾಯಿ.

ಒಂದು ದಿನ ಒಬ್ಬ ಬಂದ. ಜೊತೆಗೆ ಅವನ ಅಣ್ಣ, ಊರಿನ ಒಬ್ಬ ಹಿರಿಯ. 'ಸ್ಟೇಷನ್ನಲ್ಲಿ ಒಂದು ಮುಚ್ಚಳಿಕೆ ತಗೊಂಡು ಬಾ ಅಂದವ್ರೆ, ಬೇಗ ಮಾಡ್ಕೊಡಿ' ಅಂದ. ಮಾಡಿದೆ. ಸೇವ್ ಮಾಡಲು ಅವನ ಹೆಸರು ಹಾಕಿದೆ. ಈ ಹೆಸರಿನ ಫೈಲ್ ಈಗಾಗಲೇ ಇದೆ, ಅದರ ಜಾಗದಲ್ಲಿ ಇದನ್ನು ಹಾಕಲೇ ಅಂತ ಕಂಪ್ಯೂಟರ್ ಕೇಳಿತು. ತೆರೆದು ನೋಡಿದೆ. ಹನ್ನೊಂದು ತಿಂಗಳ ಹಿಂದಿನದು. ಅದೇ ಮನುಷ್ಯ, ಅದೇ ಊರು, ಅದೇ ಹೆಂಡತಿ. ವಯಸ್ಸು ಮಾತ್ರ 33 ಇದ್ದಿದ್ದು 34 ಆಗಿತ್ತು.

ನಾನು ಏನೂ ಹೇಳಲಿಲ್ಲ. ಪ್ರಿಂಟ್ ಕೊಟ್ಟೆ, ಇಪ್ಪತ್ತು ರೂಪಾಯಿ ಇಸ್ಕೊಂಡೆ. ಠಾಣೆಯ ಮುಂದಿನ ಕಟ್ಟೆ ಮೇಲೆ ಅವಳು ಕೂತಿದ್ದಳು. ಪಕ್ಕದಲ್ಲಿ ಮಗು ಬನ್ ತಿನ್ನುತ್ತಿತ್ತು. ಅವಳಿಗೆ ಒಂದೇ ಕೈಯಲ್ಲಿ ಬಳೆ ಇದ್ದವು. ಸಂಜೆ ನಾಲ್ಕೂವರೆ ಬಸ್ಸಿಗೆ ಎಲ್ಲರೂ ಒಟ್ಟಿಗೆ ಹತ್ತಿ ಹೋದರು. ಅವಳಿಗೆ ಟಿಕೆಟ್ ಫ್ರೀ. ನಿಮ್ಮ ಶಕ್ತಿ ಯೋಜನೆ.

ಆ ಇಪ್ಪತ್ತು ರೂಪಾಯಿಗಾಗಿ ಈ ಪತ್ರ ಬರೆಯುತ್ತಿದ್ದೇನೆ ಅಂದುಕೊಳ್ಳಿ.

ಠಾಣೆಯಲ್ಲಿ ಏನು ನಡೆಯುತ್ತೆ ಅನ್ನೋದನ್ನು ಗೃಹ ಸಚಿವರಿಗೆ ನಾನು ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ. ಹೆಂಗಸು ದೂರು ಕೊಡುತ್ತಾಳೆ. ಎಫ್‌ಐಆರ್ ಆಗುವುದಿಲ್ಲ, 'ಅರ್ಜಿ ವಿಚಾರಣೆ' ಆಗುತ್ತದೆ. ಫೋನ್ ಮಾಡಿ ಗಂಡನನ್ನು ಕರೆಸುತ್ತಾರೆ. ಅವನ ಜೊತೆ ನಾಲ್ಕು ಜನ ಬರುತ್ತಾರೆ, ಇವಳ ಜೊತೆ ಅಮ್ಮ ಇದ್ದರೆ ಪುಣ್ಯ. ಎಎಸ್‌ಐ ಮೊದಲು ಅವನಿಗೆ ಜೋರಾಗಿ ಬೈಯುತ್ತಾರೆ. ಒಮ್ಮೊಮ್ಮೆ ಒಂದು ಏಟೂ ಬೀಳುತ್ತದೆ. ಅದು ನೋಡಿ ಹೆಂಡತಿಯೇ 'ಹೊಡೀಬೇಡಿ ಸಾರ್' ಅನ್ನುತ್ತಾಳೆ. ಆಮೇಲೆ ಇವಳ ಕಡೆ ತಿರುಗುತ್ತಾರೆ. 'ನೋಡಮ್ಮ, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಮಕ್ಕಳ ಮುಖ ನೋಡ್ಕೊಂಡು ಹೊಂದ್ಕೊಂಡು ಹೋಗು. ಕೇಸ್ ಹಾಕಿದ್ರೆ ಅವನು ಒಳಗೆ ಹೋಗ್ತಾನೆ, ನಿಂಗೆ ಯಾರು ಅನ್ನ ಹಾಕ್ತಾರೆ?' ಮುಚ್ಚಳಿಕೆ. ಇಬ್ಬರ ಸಹಿ. ದೂರಿಗೆ 'ಉಭಯ ಪಕ್ಷಗಾರರು ರಾಜಿಯಾಗಿರುವುದರಿಂದ' ಅಂತ ಒಂದು ಹಿಂಬರಹ. ಅರ್ಜಿ ವಿಲೇವಾರಿ.

ಆ ಗಾದೆ ಮಾಡಿದವರು ಯಾರೋ ಗೊತ್ತಿಲ್ಲ, ಉಂಡು ಮಲಗಿದ ಮೇಲೆ ನಡೆಯುವ ಜಗಳ ಅವರಿಗೆ ಗೊತ್ತಿರಲಿಲ್ಲ. ನನ್ನ ಹತ್ತಿರ ಬಂದ ದೂರುಗಳಲ್ಲಿ ಎಷ್ಟೋ ಜಗಳ ಶುರುವಾಗುವುದೇ ಊಟದ ಹೊತ್ತಿಗೆ. ಸಾರಿಗೆ ಉಪ್ಪು ಜಾಸ್ತಿ, ಮುದ್ದೆ ತಣ್ಣಗಾಗಿದೆ, ತಟ್ಟೆ ಎಸೆಯುವುದು. ಅಲ್ಲಿಂದ ಮುಂದೆ.

ಪೊಲೀಸರು ಬೇಕೂ ಅಂತ ಮಾಡ್ತಾರೆ ಅಂತ ನಾನು ಹೇಳುತ್ತಿಲ್ಲ. ಮನೆ ಒಡೆಯಬಾರದು ಅನ್ನುವ ಒಳ್ಳೆ ಮನಸ್ಸಿನಿಂದಲೇ ಬಹಳ ಜನ ಮಾಡುತ್ತಾರೆ. ಒಂದೆರಡು ಕಡೆ ಮುಚ್ಚಳಿಕೆ ಕೆಲಸ ಮಾಡಿದ್ದೂ ಉಂಟು. ಪೊಲೀಸರ ಭಯ ಮೂರು ತಿಂಗಳು ಇರುತ್ತದೆ, ಹಬ್ಬ ಜಾತ್ರೆ ಹತ್ತಿರ ಇದ್ದರೆ ಇನ್ನೊಂದಿಷ್ಟು ದಿನ. ಆದರೆ ಆ ಹಾಳೆಗೆ ಬೆಲೆ ಏನು? ಅದು ಕೋರ್ಟಿನ ಆದೇಶ ಅಲ್ಲ. ಮುರಿದರೆ ಅದಕ್ಕೆ ಅಂತ ಒಂದು ಶಿಕ್ಷೆ ಇಲ್ಲ. ಎರಡನೇ ಸಲ ಅವಳು ಬಂದಾಗ ಹಳೇ ಮುಚ್ಚಳಿಕೆ ಹುಡುಕುವವರು ಯಾರು? ಆ ಎಎಸ್‌ಐಗೆ ಅಷ್ಟರಲ್ಲಿ ವರ್ಗ ಆಗಿರುತ್ತೆ. ನೆನಪಿರುವುದು ನನ್ನ ಕಂಪ್ಯೂಟರಿಗೆ ಮಾತ್ರ.

ಇನ್ನು ಹೆಂಗಸರ ಮಾತು. ದೂರು ಹೇಳುವಾಗ ಎಷ್ಟೋ ಜನ ಒಂದು ಮಾತು ತಪ್ಪದೆ ಹೇಳುತ್ತಾರೆ. 'ಅಕ್ಕ, ನಂದೂ ತಪ್ಪಿದೆ ಅಂತ ಬರೀರಿ.' ಏನಮ್ಮ ತಪ್ಪು ಅಂದರೆ, ಹೇಳದೆ ತವರಿಗೆ ಹೋಗಿದ್ದೆ, ಎದುರು ಮಾತಾಡಿದೆ, ಅವರ ಫೋನ್ ಮುಟ್ಟಿದೆ. ಒಬ್ಬಳು ಸಂಘದ ಸಾಲದ ಕಂತು ಕಟ್ಟಲು ಗಂಡನ ಜೇಬಿನಿಂದ ಮುನ್ನೂರು ರೂಪಾಯಿ ತೆಗೆದಿದ್ದಳು. ಅದಕ್ಕೆ ಅವನು ಕುಕ್ಕರಿನ ಮುಚ್ಚಳದಲ್ಲಿ ಹೊಡೆದಿದ್ದ. ಹುಬ್ಬಿನ ಮೇಲೆ ಆ ಮುಚ್ಚಳದ ಅಂಚು ಅರ್ಧಚಂದ್ರದ ಹಾಗೆ ಕೂತಿತ್ತು. 'ಕೇಳಿ ತಗೋಬೇಕಿತ್ತು, ನಂದೇ ತಪ್ಪು' ಅಂತ ನಾನು ಟೈಪ್ ಮಾಡುವವರೆಗೂ ಬಿಡಲಿಲ್ಲ. ಟೈಪ್ ಮಾಡಿದೆ. ಅವಳು ನೀರು ಕುಡಿಯಲು ಎದ್ದಾಗ ಅಳಿಸಿದೆ. ಅವಳಿಗೆ ಓದಲು ಬರುವುದಿಲ್ಲ. ನಾನು ಮಾಡಿದ್ದು ಸರಿನೋ ತಪ್ಪೋ, ಈಗಲೂ ಗೊತ್ತಿಲ್ಲ.

ನಿಮ್ಮದೇ ಸರ್ಕಾರಿ ಲೆಕ್ಕ ನೋಡಿ. 2019-21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 44.4 ಜನ ಗಂಡನಿಂದ ಹಿಂಸೆ ಆಗಿದೆ ಅಂದರು. ದೇಶದ ಸರಾಸರಿ ಶೇ. 29.3. ನಾವು ಬಿಹಾರಕ್ಕಿಂತ ಮುಂದೆ ಇದ್ದೇವೆ, ಇಂಥದ್ದರಲ್ಲಿ! ಅದರ ಹಿಂದಿನ ಸಮೀಕ್ಷೆಯಲ್ಲಿ ನಮ್ಮ ಲೆಕ್ಕ ಶೇ. 20.6 ಇತ್ತು. ನಾಲ್ಕೈದು ವರ್ಷದಲ್ಲಿ ಹೊಡೆಯುವವರು ದುಪ್ಪಟ್ಟಾದರಾ, ಇಲ್ಲಾ ಬಾಯಿ ಬಿಟ್ಟು ಹೇಳುವವರು ಜಾಸ್ತಿ ಆದರಾ? ಎರಡೂ ಇರಬಹುದು. ಹೇಳುವವರು ಜಾಸ್ತಿ ಆಗಿದ್ದಾರೆ ಅಂದುಕೊಂಡರೂ, ಕೇಳುವವರು ಜಾಸ್ತಿ ಆಗಿಲ್ಲ.

ಅದೇ ಸಮೀಕ್ಷೆ ಇನ್ನೊಂದು ಪ್ರಶ್ನೆ ಕೇಳಿತ್ತು. ಹೇಳದೆ ಹೊರಗೆ ಹೋದರೆ, ಅಡುಗೆ ಸರಿ ಮಾಡದಿದ್ದರೆ, ಎದುರು ವಾದಿಸಿದರೆ, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ ಗಂಡ ಹೊಡೆಯುವುದು ಸರಿಯಾ? ಕರ್ನಾಟಕದ 100 ಹೆಂಗಸರಲ್ಲಿ ಸುಮಾರು 77 ಜನ ಇಂಥ ಒಂದಲ್ಲ ಒಂದು ಕಾರಣಕ್ಕೆ ಸರಿ ಅಂದರು. ಗಂಡಸರಲ್ಲಿ ಸುಮಾರು 82. 'ನಂದೂ ತಪ್ಪಿದೆ ಅಂತ ಬರೀರಿ' ಅನ್ನುವುದು ನನ್ನ ಅಂಗಡಿಯ ಮಾತು ಮಾತ್ರ ಅಲ್ಲ ಅಂತ ಆಗ ಗೊತ್ತಾಯಿತು. ಠಾಣೆಯಲ್ಲಿ ಮೇಜಿನ ಆ ಕಡೆ ಕೂತಿರುವವರೂ ಈ 82ರಲ್ಲೋ 77ರಲ್ಲೋ ಸೇರಿದವರೇ ಅಲ್ವಾ? ಖಾಕಿ ಹಾಕಿದ ತಕ್ಷಣ ಮನಸ್ಸು ಬದಲಾಗುವುದಿಲ್ಲ.

ದೇಶದಲ್ಲಿ ದೈಹಿಕ ಇಲ್ಲಾ ಲೈಂಗಿಕ ಹಿಂಸೆ ಅನುಭವಿಸಿದ 100 ಹೆಂಗಸರಲ್ಲಿ 77 ಜನ ಯಾರಿಗೂ ಹೇಳಿಯೂ ಇಲ್ಲ, ಸಹಾಯ ಕೇಳಿಯೂ ಇಲ್ಲ ಅಂತ ಅದೇ ಸಮೀಕ್ಷೆ ಹೇಳುತ್ತದೆ. ಅಂದರೆ ನನ್ನ ಅಂಗಡಿಯ ಮೆಟ್ಟಿಲು ಹತ್ತುವವಳು ಎಲ್ಲವನ್ನೂ ದಾಟಿ ಬಂದವಳು. ಬೆಳಿಗ್ಗೆ ಹಸು ಕರೆದು, ಹಾಲು ಡೇರಿಗೆ ಹಾಕಿ, ಮಗುವನ್ನು ಪಕ್ಕದ ಮನೆಗೆ ಬಿಟ್ಟು, 'ಆಸ್ಪತ್ರೆಗೆ ಹೋಗ್ತೀನಿ' ಅಂತ ಸುಳ್ಳು ಹೇಳಿ ಬಂದವಳು. ಅಂಥವಳನ್ನು ಅದೇ ಸಂಜೆಯ ಬಸ್ಸಿಗೆ ಅದೇ ಗಂಡನ ಜೊತೆ ಹತ್ತಿಸುತ್ತೀರಿ. ಮುಂದಿನ ಸಲ ಅವಳು ಬರುವುದಿಲ್ಲ. ಅವಳನ್ನು ನೋಡಿದ ಓರಗಿತ್ತಿಯೂ ಬರುವುದಿಲ್ಲ.

ಇವರು ಕೇಳುವುದು ಏನು ಗೊತ್ತಾ? ಜೈಲು ಅಲ್ಲ. ಇಷ್ಟು ವರ್ಷದಲ್ಲಿ 'ಅವನನ್ನ ಒಳಗೆ ಹಾಕಿಸಿ' ಅಂದವರನ್ನು ಬೆರಳಲ್ಲಿ ಎಣಿಸಬಹುದು. 'ಅವನು ಹೊಡೀಬಾರ್ದು ಅಷ್ಟೇ ಅಕ್ಕ.' 'ಮನೆಯಿಂದ ಆಚೆ ಹಾಕಬಾರ್ದು.' 'ಮಕ್ಕಳ ಫೀಸಿಗೆ ದುಡ್ಡು ಕೊಡಬೇಕು.' 'ನನ್ನ ಓಲೆ ಅವರ ಹತ್ರ ಐತೆ, ವಾಪಸ್ ಬೇಕು.'

ನಮ್ಮ ದೇಶದ ಕಾನೂನಿನಲ್ಲಿ ಇದೇ ನಾಲ್ಕು ಮಾತಿಗೆ ಅಂತ ಮಾಡಿದ ಒಂದು ಕಾಯ್ದೆ ಇದೆ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ. ಜಾರಿಗೆ ಬಂದಿದ್ದು 2006ರ ಅಕ್ಟೋಬರ್ 26. ಹೊಡೆಯಬಾರದು ಅನ್ನುವುದಕ್ಕೆ 18ನೇ ಕಲಂ. ಮನೆಯಿಂದ ಹಾಕಬಾರದು ಅನ್ನುವುದಕ್ಕೆ 19. ಖರ್ಚಿಗೆ ದುಡ್ಡು, 20. ಅರ್ಜಿ ಹಾಕಿದ ಮೂರು ದಿನದೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ ಇಡಬೇಕು, 60 ದಿನದಲ್ಲಿ ಮುಗಿಸಲು ನೋಡಬೇಕು ಅಂತ ಅದರಲ್ಲೇ ಬರೆದಿದೆ. ಮ್ಯಾಜಿಸ್ಟ್ರೇಟರು ಕೊಟ್ಟ ರಕ್ಷಣಾ ಆದೇಶವನ್ನು ಗಂಡ ಮುರಿದರೆ ಅದು ಅಪರಾಧ. ಒಂದು ವರ್ಷದವರೆಗೆ ಜೈಲು, ಇಲ್ಲಾ 20,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಜಾಮೀನು ಹಕ್ಕಲ್ಲ. ಈಗ ಪಕ್ಕದಲ್ಲಿ ನನ್ನ ಇಪ್ಪತ್ತು ರೂಪಾಯಿ ಮುಚ್ಚಳಿಕೆ ಇಟ್ಟು ನೋಡಿ.

ಅದೇ ಕಾಯ್ದೆಯ 5ನೇ ಕಲಂ ಪೊಲೀಸರಿಗೆ ಒಂದು ಕೆಲಸ ಹೇಳಿದೆ. ದೂರು ಬಂದರೆ ಆ ಹೆಂಗಸಿಗೆ ತಿಳಿಸಬೇಕು: ನಿನಗೆ ಇಂಥ ಆದೇಶ ಕೇಳುವ ಹಕ್ಕಿದೆ, ಸಂರಕ್ಷಣಾಧಿಕಾರಿ ಅಂತ ಒಬ್ಬರು ಇದ್ದಾರೆ, ಉಚಿತ ವಕೀಲರು ಸಿಗುತ್ತಾರೆ, ಬೇಕಾದರೆ ಕಿರುಕುಳದ ಕೇಸೂ ಹಾಕಬಹುದು. ಹೇಳಬೇಕು, ಅಷ್ಟೇ. ಐದು ನಿಮಿಷದ ಕೆಲಸ. ನಮ್ಮ ಠಾಣೆಯಿಂದ ನನ್ನ ಅಂಗಡಿಗೆ ಬಂದ ಒಬ್ಬ ಹೆಂಗಸೂ 'ಸಂರಕ್ಷಣಾಧಿಕಾರಿ' ಅನ್ನುವ ಪದ ಕೇಳಿರಲಿಲ್ಲ.

ಈ ಸಂರಕ್ಷಣಾಧಿಕಾರಿ ಯಾರು? ಈಗ ಎರಡನೇ ಸಚಿವರಿಗೆ ಬರುತ್ತೇನೆ. ನಮ್ಮ ರಾಜ್ಯದ ತಾಲ್ಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಓ, ಅವರಿಗೇ ಈ ಕೆಲಸವನ್ನೂ ಹಚ್ಚಿದ್ದೀರಿ. ಅಂಗನವಾಡಿ ಅವರದು. ಗರ್ಭಿಣಿಯರ ಊಟ, ಮಕ್ಕಳ ಮೊಟ್ಟೆ ಲೆಕ್ಕ ಅವರದು. ಗೃಹಲಕ್ಷ್ಮಿ ದುಡ್ಡು ಬಂದಿಲ್ಲ ಅಂತ ಜನ ಹೋಗಿ ನಿಲ್ಲುವುದೂ ಅವರ ಬಾಗಿಲಿಗೆ. ಅದರ ಜೊತೆಗೆ, ಗಂಡ ಹೊಡೆದವಳ ಮನೆಗೆ ಹೋಗಿ, ವರದಿ ಬರೆದು, ಮ್ಯಾಜಿಸ್ಟ್ರೇಟರಿಗೆ ಕೊಟ್ಟು, ಅವಳನ್ನು ಆಸ್ಪತ್ರೆಗೋ ಆಶ್ರಯ ಕೇಂದ್ರಕ್ಕೋ ಸೇರಿಸಬೇಕು.

ಠಾಣೆಯಿಂದ ಸಿಡಿಪಿಓ ಕಚೇರಿಗೆ ನಮ್ಮ ಊರಿನಲ್ಲಿ ಅರ್ಧ ಕಿಲೋಮೀಟರ್. ಒಮ್ಮೆ ಒಬ್ಬಳನ್ನು ನಾನೇ ಅಂಗಡಿ ಮುಚ್ಚಿ ಕರೆದುಕೊಂಡು ಹೋದೆ. ಮೇಡಂ ಜಿಲ್ಲಾ ಮೀಟಿಂಗಿಗೆ ಹೋಗಿದ್ದರು. ಮಾರನೇ ದಿನ ಸಿಕ್ಕರು. ಒಳ್ಳೆಯವರೇ. ಕುರ್ಚಿ ಕೊಟ್ಟು ಕೂರಿಸಿದರು. ಆಮೇಲೆ 'ಮೊದ್ಲು ಪೊಲೀಸ್ ಕಂಪ್ಲೇಂಟ್ ಕೊಟ್ಟು ಬನ್ನಿ' ಅಂದರು. ಪೊಲೀಸರು ಮುಚ್ಚಳಿಕೆ ಬರೆಸಿ ಮುಗಿಸಿದ್ದಾರೆ ಮೇಡಂ ಅಂದೆ. 'ಹಂಗಾದ್ರೆ ಸೆಟ್ಲ್ ಆಗಿದೆಯಲ್ಲಮ್ಮ' ಅಂದರು. ಮೇಜಿನ ಮೇಲೆ ಮೊಟ್ಟೆ ಬಿಲ್ಲುಗಳ ಒಂದು ಕಂತೆ ಇತ್ತು, ಮಾತಾಡುತ್ತಲೇ ಅವಕ್ಕೆ ಸಹಿ ಹಾಕುತ್ತಿದ್ದರು. ನಾನು ಅವರನ್ನು ಬೈಯುವುದಿಲ್ಲ. ಮೊಟ್ಟೆ ಲೆಕ್ಕ ತಪ್ಪಿದರೆ ಅವರಿಗೆ ನೋಟಿಸ್ ಬರುತ್ತದೆ. ಈ ಹೆಂಗಸಿನ ವರದಿ ಬರೆಯದಿದ್ದರೆ ಯಾವ ನೋಟಿಸೂ ಬರುವುದಿಲ್ಲ. ನಿಜ ಹೇಳಬೇಕೆಂದರೆ ಆ ಕಾಯ್ದೆಯಲ್ಲಿ ಕೆಲಸ ಮಾಡದ ಸಂರಕ್ಷಣಾಧಿಕಾರಿಗೂ ಶಿಕ್ಷೆ ಬರೆದಿದೆ. ಆದರೆ ಅದಕ್ಕೆ ಸರ್ಕಾರದ ಅನುಮತಿ ಬೇಕು. ಆ ಶಿಕ್ಷೆ ಆಗಲಿ ಅಂತಲೂ ನಾನು ಕೇಳುತ್ತಿಲ್ಲ. ಅವರಿಗೆ ಮೊಟ್ಟೆಯ ಕೆಲಸವೋ ಇದೋ, ಒಂದನ್ನು ಕೊಡಿ ಅಂತ ಕೇಳುತ್ತಿದ್ದೇನೆ.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿತು: ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಗುರುತಿಸಿ ನೇಮಿಸಿ, ಈ ಕಾಯ್ದೆ ಬಗ್ಗೆ ಜನರಿಗೆ ತಿಳಿಸಿ ಅಂತ. ಕಾಯ್ದೆ ಬಂದು ಸುಮಾರು ಇಪ್ಪತ್ತು ವರ್ಷದ ಮೇಲೆ ಕೋರ್ಟು ಇದನ್ನು ಹೇಳಬೇಕಾಯಿತು. ನಾವು ಆಗಲೇ ನೇಮಿಸಿದ್ದೇವಲ್ಲ ಅಂತ ನೀವು ಉತ್ತರ ಕೊಡಬಹುದು. ಕಾಗದದ ಮೇಲೆ ನೇಮಿಸಿದ್ದೀರಿ, ಅದು ನಿಜ.

ಆಸ್ಪತ್ರೆಯ ವಿಷಯ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಪೊಲೀಸರು 'ಗಾಯದ ಸರ್ಟಿಫಿಕೇಟ್ ಎಲ್ಲಿ' ಅನ್ನುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ 'ಏನಾಯ್ತಮ್ಮ' ಅಂತ ಕೇಳುವಾಗ ಪಕ್ಕದಲ್ಲಿ ಗಂಡನೋ ಅತ್ತೆಯೋ ನಿಂತಿರುತ್ತಾರೆ. 'ಬಚ್ಚಲಲ್ಲಿ ಜಾರಿ ಬಿದ್ದೆ.' ಚೀಟಿಯಲ್ಲಿ ಅದೇ ಬೀಳುತ್ತದೆ. ಆಮೇಲೆ ಅವಳು ನಿಜ ಹೇಳಿದರೂ, ಚೀಟಿ ಸುಳ್ಳು ಹೇಳುತ್ತದೆ. ಹೊಡೆತದ ಗಾಯ ಇರುವ ಹೆಂಗಸನ್ನು ಒಂಟಿಯಾಗಿ ಕರೆದು ಒಂದು ಮಾತು ಕೇಳಿ ಅಂತ ನರ್ಸುಗಳಿಗೆ ಹೇಳಲು ಬಜೆಟ್ ಬೇಕಾ?

ಇನ್ನೊಂದು ಇದೆ, ಅದನ್ನು ಅವರು ದೂರಿನಲ್ಲಿ ಬರೆಸುವುದೇ ಇಲ್ಲ. ಎಲ್ಲ ಹೇಳಿ ಮುಗಿಸಿ, ಸೆರಗು ಸರಿ ಮಾಡಿಕೊಂಡು, ದನಿ ತಗ್ಗಿಸಿ, 'ರಾತ್ರಿ ಬೇಡ ಅಂದ್ರೂ ಬಿಡಲ್ಲ, ಅದನ್ನ ಬರೀಬೇಡಿ' ಅನ್ನುತ್ತಾರೆ. 2024ರ ಜುಲೈ 1ರಿಂದ ಹೊಸ ದಂಡ ಸಂಹಿತೆ ಬಂತು. ಹೆಂಡತಿಗೆ 18 ತುಂಬಿದ್ದರೆ ಗಂಡ ಮಾಡಿದ್ದು ಅತ್ಯಾಚಾರ ಅಲ್ಲ ಅನ್ನುವ ಹಳೇ ವಿನಾಯಿತಿ ಅದರಲ್ಲೂ ಹಾಗೇ ಕೂತಿದೆ. ನಮ್ಮ ಹೈಕೋರ್ಟ್ 2022ರ ಮಾರ್ಚ್‌ನಲ್ಲಿ ಒಬ್ಬ ಗಂಡನ ಮೇಲಿನ ಅತ್ಯಾಚಾರದ ಆರೋಪ ಕೈಬಿಡಲು ಒಪ್ಪದೆ, ಗಂಡ ಆದರೂ ಕೃತ್ಯ ಕೃತ್ಯವೇ ಅಂದಿತ್ತು. ಅದು ಸುಪ್ರೀಂ ಕೋರ್ಟಿಗೆ ಹೋಯಿತು. ಆ ದೊಡ್ಡ ಪ್ರಶ್ನೆ ನಿಮ್ಮ ಕೈಯಲ್ಲಿಲ್ಲ ಅಂತ ಗೊತ್ತು. ಆದರೆ 2005ರ ಕಾಯ್ದೆ ಗಂಡ ಮಾಡುವ ಲೈಂಗಿಕ ಹಿಂಸೆಯನ್ನೂ ದೌರ್ಜನ್ಯ ಅಂತಲೇ ಲೆಕ್ಕ ಹಿಡಿಯುತ್ತದೆ. ಸಂರಕ್ಷಣಾಧಿಕಾರಿ ತುಂಬಬೇಕಾದ ನಮೂನೆ 1ರಲ್ಲಿ ಅದಕ್ಕೆ ಬೇರೆಯೇ ಜಾಗ ಇದೆ. ಹೆಂಗಸು ಬಾಯಿ ಬಿಟ್ಟು ವಿವರಿಸಬೇಕಾಗಿಲ್ಲ, ಗುರುತು ಹಾಕಿದರೆ ಸಾಕು. ಆ ನಮೂನೆ ಮಾಡಿದವರು ಯಾರೋ, ಇಂಥ ಹೆಂಗಸರ ಮುಂದೆ ಕೂತು ಕೇಳಿದವರೇ ಇರಬೇಕು. 'ಗಂಡು ಮಗು ಹೆರಲಿಲ್ಲ ಅಂತ ಹಂಗಿಸುವುದು' ಅಂತ ಒಂದು ಸಾಲು ಇದೆ. 'ಸಂಬಳ ಕಿತ್ತುಕೊಳ್ಳುವುದು' ಅಂತ ಇದೆ. ಮನೆಯ ಒಂದು ಭಾಗಕ್ಕೆ ಬಿಡದಿರುವುದು ಅಂತಲೂ ಇದೆ. ಅದನ್ನು ಓದುವಾಗ ನನಗೆ ನನ್ನ ಅಕ್ಕನ ಮನೆಯ ಅಡುಗೆಕೋಣೆ ಬೀಗ ನೆನಪಾಯಿತು.

ನನ್ನ ಅಕ್ಕನ ಕಥೆ ಬರೆಯಬಾರದು ಅಂದುಕೊಂಡಿದ್ದೆ. ಎರಡೇ ಮಾತು. ಅವಳ ಗಂಡ ಮೂರು ಸಲ ಮುಚ್ಚಳಿಕೆ ಬರೆದುಕೊಟ್ಟ. ಮೊದಲ ಸಲ ಊರ ಪಂಚಾಯ್ತಿಯಲ್ಲಿ, ಆಮೇಲೆರಡು ಸಲ ಠಾಣೆಯಲ್ಲಿ. ನಮ್ಮಪ್ಪ 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ' ಅನ್ನುವ ಕಾಲದ ಮನುಷ್ಯ, ಪ್ರತಿ ಸಲ ತಾನೇ ಹೋಗಿ ಬಿಟ್ಟು ಬಂದ. ಮೂರನೇ ಸಲದ ಮೇಲೆ ಅವಳಿಗೆ ಎಡಗಿವಿ ಕೇಳಿಸುವುದಿಲ್ಲ. ಈಗ ನಮ್ಮ ಜೊತೆಗೇ ಇದ್ದಾಳೆ. ಫೋನ್ ಬಂದರೆ ಯಾವಾಗಲೂ ಬಲಗಡೆ ಇಟ್ಟುಕೊಳ್ಳುತ್ತಾಳೆ. ಬಲಗೈಯಲ್ಲಿ ಏನಾದರೂ ಹಿಡಿದಿದ್ದರೆ ಅದನ್ನು ಕೆಳಗಿಟ್ಟು, ಫೋನನ್ನು ಬಲಗೈಯಿಂದಲೇ ಎತ್ತುತ್ತಾಳೆ. ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಅಪ್ಪನಿಗೆ ಗೊತ್ತಾಗುತ್ತೆ. ಅವಳು ಫೋನ್ ಎತ್ತಿದಾಗ ಅವನು ಎದ್ದು ಹೊರಗೆ ಹೋಗುತ್ತಾನೆ.

ಅವಳು ಬಿಟ್ಟು ಬಂದಾಗ ನನಗೂ ಏನೂ ಗೊತ್ತಿರಲಿಲ್ಲ. ಮನೆ ಮಾವನ ಹೆಸರಿನಲ್ಲಿದೆ, ಅಲ್ಲಿ ನಿನಗೆ ಹಕ್ಕಿಲ್ಲ ಅಂತ ಎಲ್ಲರೂ ಅಂದರು, ನಂಬಿದೆವು. ಅದು ಹಾಗಲ್ಲ ಅಂತ 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮನೆ ಅತ್ತೆ ಮಾವನದಾದರೂ, ಸೊಸೆ ಅಲ್ಲಿ ಸಂಸಾರ ಮಾಡಿದ್ದರೆ ಅದು ಈ ಕಾಯ್ದೆಯಲ್ಲಿ ಬರುವ ಮನೆಯೇ ಆಗಬಹುದು. ನಮ್ಮ ತಾಲ್ಲೂಕಿನ ಎಷ್ಟು ಠಾಣೆಯಲ್ಲಿ ಈ ವಿಷಯ ಗೊತ್ತಿದೆ? 'ಮನೆ ಅವರಪ್ಪಂದಂತೆ, ನೀನು ತವರಿಗೆ ಹೋಗಮ್ಮ' ಅನ್ನುವ ಮಾತು ಹೋದ ತಿಂಗಳೂ ಕೇಳಿದೆ.

ಬಿಟ್ಟು ಬಂದವಳ ಕಾಗದ ಪತ್ರದ ಗೋಳು ಇನ್ನೊಂದು. ಇದು ನನ್ನ ಅಂಗಡಿಯ ನಿತ್ಯದ ಕೆಲಸ, ಹಾಗಾಗಿ ಬಲ್ಲೆ. ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತೆ. ಗೃಹಲಕ್ಷ್ಮಿಯ 2,000 ಹೋಗುವುದು ಆ ಯಜಮಾನಿಗೆ. ಸೊಸೆ ಮಕ್ಕಳನ್ನು ಕರೆದುಕೊಂಡು ಬಂದರೆ ಅವಳ ಹೆಸರು ಅದೇ ಕಾರ್ಡಿನಲ್ಲಿ ಸಿಕ್ಕಿಕೊಂಡಿರುತ್ತದೆ. ಅಲ್ಲಿಂದ ತೆಗೆಸದೆ ಇಲ್ಲಿ ಸೇರುವುದಿಲ್ಲ, ತೆಗೆಸಲು ಅವರು ಒಪ್ಪುವುದಿಲ್ಲ. ಹೊಡೆಸಿಕೊಂಡು ಬಂದವಳು ತನ್ನ ಪಾಲಿನ ಅಕ್ಕಿಗೆ ಹೊಡೆದವನ ಮನೆಯ ಒಪ್ಪಿಗೆ ಕಾಯಬೇಕು. ಹೆಂಗಸರಿಗೆ ಅಂತಲೇ ಇಷ್ಟು ದುಡ್ಡು ಕೊಡುವ ಸರ್ಕಾರಕ್ಕೆ ಇದೊಂದು ಗಂಟು ಬಿಡಿಸಲು ಆಗುವುದಿಲ್ಲವಾ?

ಈ ಪತ್ರ ಓದಿದ ಕೆಲವರು ಏನು ಹೇಳುತ್ತಾರೆ ಅಂತ ಗೊತ್ತು. ಹೆಂಗಸರು ಕಾನೂನನ್ನು ದುರುಪಯೋಗ ಮಾಡ್ತಾರೆ, ಸುಳ್ಳು ಕೇಸು ಹಾಕ್ತಾರೆ ಅಂತ. ಹಾಕುವವರೂ ಇರಬಹುದು. ನಾನು ಟೈಪ್ ಮಾಡಿದ ದೂರುಗಳೆಲ್ಲ ಅಕ್ಷರಶಃ ನಿಜ ಅಂತ ನಾನೂ ಪ್ರಮಾಣ ಮಾಡಲಾರೆ. ಜಮೀನು ತಕರಾರಿನ ಅರ್ಜಿಗಳ ಬಗ್ಗೆಯಂತೂ ಖಂಡಿತ ಮಾಡಲಾರೆ, ಆದರೂ ಸರ್ವೆಯರ್ ಬರುತ್ತಾನಲ್ಲ? ಅಳೆಯುತ್ತಾನಲ್ಲ? ಸುಳ್ಳೋ ನಿಜವೋ ಅಂತ ನೋಡಬೇಕಾದರೂ ಮೊದಲು ಬರೆದುಕೊಳ್ಳಬೇಕು. ದೂರು ಬಂದ ಕೂಡಲೇ ಬಂಧಿಸಬೇಡಿ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಬೇಡ, ಬಂಧಿಸಬೇಡಿ. ನಾನು ಕೇಳುತ್ತಿರುವುದು ಬಂಧನ ಅಲ್ಲವೇ ಅಲ್ಲ. 2005ರ ಕಾಯ್ದೆಯ ಅರ್ಜಿ ಹಾಕಿದ ಮಾತ್ರಕ್ಕೆ ಯಾರೂ ಜೈಲಿಗೆ ಹೋಗುವುದಿಲ್ಲ. ಆದೇಶ ಮುರಿದವನು ಮಾತ್ರ ಹೋಗುತ್ತಾನೆ. ಹೊಡೆಯುವುದಿಲ್ಲ ಅಂತ ಮುಚ್ಚಳಿಕೆ ಬರೆದುಕೊಡಲು ತಯಾರಿರುವ ಗಂಡಸಿಗೆ, ಹೊಡೆಯಬೇಡ ಅನ್ನುವ ಆದೇಶದಿಂದ ನಷ್ಟ ಏನು?

ಹಾಗಾಗಿ ಗೃಹ ಸಚಿವರೇ, ನಿಮ್ಮಿಂದ ಬೇಕಾಗಿರುವುದು ಒಂದು ಸುತ್ತೋಲೆ. ಗಂಡನ ಹಿಂಸೆಯ ದೂರಿನಲ್ಲಿ ಮುಚ್ಚಳಿಕೆ ಬರೆಸಿಕೊಂಡು ಅರ್ಜಿ ಮುಗಿಸಬಾರದು. ರಾಜಿ ಆಗಬೇಕು ಅಂತ ಹೆಂಗಸೇ ಕೇಳಿದರೂ ಅವಳ ದೂರಿನ ಒಂದು ಪ್ರತಿ ಅದೇ ದಿನ ಸಂರಕ್ಷಣಾಧಿಕಾರಿಗೆ ಹೋಗಬೇಕು. ಆ ಅರ್ಧ ಕಿಲೋಮೀಟರನ್ನು ಅವಳು ನಡೆಯುವುದು ಬೇಡ, ಕಾಗದ ನಡೆಯಲಿ. ಒಬ್ಬನ ಮೇಲೆ ಎರಡನೇ ಸಲ ದೂರು ಬಂದರೆ ಅದು ಎರಡನೆಯದು ಅಂತ ಠಾಣೆಗೆ ಗೊತ್ತಾಗುವ ಹಾಗೆ ಮಾಡಿ. ಒಂದು ಜೆರಾಕ್ಸ್ ಅಂಗಡಿಯ ಹಳೇ ಕಂಪ್ಯೂಟರ್ ಮಾಡುವ ಕೆಲಸ ನಿಮ್ಮ ಇಲಾಖೆಯ ಕಂಪ್ಯೂಟರಿಗೆ ಆಗದಾ?

ಮಹಿಳಾ ಇಲಾಖೆಯ ಸಚಿವರೇ, ತಾಲ್ಲೂಕಿಗೆ ಒಬ್ಬರು. ಈ ಕೆಲಸಕ್ಕೆ ಮಾತ್ರ. ಅವರ ಹೆಸರು, ಫೋನ್ ನಂಬರ್ ಠಾಣೆ, ಆಸ್ಪತ್ರೆ, ಬಸ್ ನಿಲ್ದಾಣ, ಡೇರಿ, ನ್ಯಾಯಬೆಲೆ ಅಂಗಡಿಯ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ. 181 ಸಹಾಯವಾಣಿ ಇದೆ, ಜಿಲ್ಲಾ ಕೇಂದ್ರದಲ್ಲಿ ಹಿಂಸೆ ಅನುಭವಿಸಿದ ಹೆಂಗಸರಿಗೆ ನೆರವು ಕೊಡುವ ಸಖಿ ಕೇಂದ್ರ ಇದೆ, ಉಚಿತ ಕಾನೂನು ನೆರವಿಗೆ 15100 ಇದೆ, ಹೆಂಗಸಾದರೆ ಆದಾಯ ಎಷ್ಟಿದ್ದರೂ ವಕೀಲರು ಪುಕ್ಕಟೆ ಸಿಗುತ್ತಾರೆ. ಇದೆಲ್ಲ ನನಗೆ ಗೊತ್ತಾಗಿದ್ದು ಇಂಟರ್ನೆಟ್ಟಿನಿಂದ. ನನ್ನ ಗಿರಾಕಿಗಳಿಗೆ ಗೊತ್ತಾಗುವುದು ಗೋಡೆಯಿಂದ.

ನಾನು ನನ್ನ ಕೈಲಾದಷ್ಟು ಶುರು ಮಾಡಿದ್ದೇನೆ. ಆ 'ಮುಚ್ಚಳಿಕೆ' ಫೈಲನ್ನು ಅಳಿಸಿಲ್ಲ. ಅಳಿಸಿದರೆ ಪಕ್ಕದ ಅಂಗಡಿಯವನು ಮಾಡಿಕೊಡುತ್ತಾನೆ, ಆಮೇಲೆ ಲೆಕ್ಕವೂ ಇರುವುದಿಲ್ಲ. ಆದರೆ ಈಗ ಅದನ್ನು ಟೈಪ್ ಮಾಡಿದಾಗಲೆಲ್ಲ ಹೆಂಡತಿಯನ್ನೂ ಒಳಗೆ ಕರೆಯುತ್ತೇನೆ. ನಮೂನೆ 1ನ್ನು ಕನ್ನಡದಲ್ಲಿ ಟೈಪ್ ಮಾಡಿ ಇಟ್ಟಿದ್ದೇನೆ. ಒಂದು ಪ್ರತಿ ತೆಗೆದು ಮಡಚಿ ಅವಳ ಕೈಗೆ ಕೊಡುತ್ತೇನೆ. ದುಡ್ಡು ಇಸ್ಕೊಳ್ಳುವುದಿಲ್ಲ. ಅವರು ಅದನ್ನು ರವಿಕೆಯೊಳಗೆ ಇಟ್ಟುಕೊಂಡು, ಬಾಗಿಲ ಹತ್ತಿರ ನಿಂತು, 'ಇದನ್ನ ತಗೊಂಡು ಎಲ್ಲಿಗೆ ಹೋಗ್ಲಿ ಅಕ್ಕ?' ಅಂತ ಕೇಳುತ್ತಾರೆ.

ಏನು ಹೇಳಲಿ? ನೀವಿಬ್ಬರೂ ಕೂತು ಮಾತಾಡಿ, ಒಂದು ವಿಳಾಸ ಬರೆದು ಕಳಿಸಿ. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಅಂಗಡಿ ಗೋಡೆಗೆ ಅಂಟಿಸುತ್ತೇನೆ.

ಇಂತಿ,
ಠಾಣೆ ಎದುರಿನ ಜೆರಾಕ್ಸ್ ಅಂಗಡಿಯವಳು